ಹೊಸ ಬಾನುಲಿಯೂ ಹಳೆಯ ಶ್ರೋತೃಗಳೂ

ಮನೆಯ ರೇಡಿಯೊ ಪೆಟ್ಟಿಗೆ ಸರಿಯಾಗಿಯೇ ಇದೆ. ಅದರ ಗುಂಡಿ ಸಡಿಲವಾಗಿಲ್ಲ, ಧ್ವನಿವರ್ಧಕ ಹರಿದಿಲ್ಲ, ಬ್ಯಾಟರಿಯನ್ನು ನಿನ್ನೆ ತಾನೆ ಬದಲಿಸಿದ್ದಾಗಿದೆ. ಹೀಗಿದ್ದೂ ಒಂದು ದಿನ ಬೆಳಗ್ಗೆ ಎಂದಿನ ನಿಲಯಕ್ಕೆ ಮುಳ್ಳನ್ನು ತಿರುಗಿಸಿದಾಗ ಬರಿಯ ಸೊಯ್ಯೆಂಬ ಸದ್ದು ಕೇಳಿಬಂದರೆ ನಮಗೆ ಏನೆನಿಸಬಹುದು? ಇದು ಕಲ್ಪನೆಯ ಮಾತಲ್ಲ. ೨೦೧೭ನೆಯ ಇಸವಿಯ ಜನವರಿ ೧೧ರಂದು, ಹೊತ್ತು ೧೧ ಗಂಟೆ ೧೧ ನಿಮಿಷ ೧೧ ಸೆಕೆಂಡಿಗೆ ಸರಿಯಾಗಿ, ನಾರ್ವೆ ದೇಶದ ಉತ್ತರ ಭಾಗದ ನಾರ್ಡ್‌ಲಾಂಡ್ ಪ್ರಾಂತದಲ್ಲಿ ರಾಷ್ಟ್ರೀಯ ನಿಲಯಗಳ ಎಫ್.ಎಂ. ಪ್ರಸಾರವನ್ನು ನಿಲ್ಲಿಸಲಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳ ಹೊತ್ತಿಗೆ ಉಳಿದ ಪ್ರಾಂತಗಳಲ್ಲಿಯೂ ಹಾಗೆಯೇ ಆಯಿತು. ರಾಷ್ಟ್ರವ್ಯಾಪಿಯಾದ ಎಫ್.ಎಂ. ಪ್ರಸಾರವನ್ನು ಕೈಬಿಟ್ಟು ಡಿಜಿಟಲ್ ಪ್ರಸಾರವನ್ನೇ ನೆಚ್ಚಿಕೊಂಡ ದೇಶಗಳಲ್ಲಿ ನಾರ್ವೆಯೇ ಮೊದಲನೆಯದು.

ಡಿಜಿಟಲ್ ಬಾನುಲಿಯ ಹುಟ್ಟಾದರೋ ಅದಕ್ಕೆ ಬಹಳ ಹಿಂದಿನದು. ೧೯೮೭ರಲ್ಲಿ ಯೂರೋಪಿನ ಹಲವು ಸಂಸ್ಥೆಗಳು ಕೂಡಿ 'ಯುರೇಕಾ ೧೪೭' ಎಂಬ ಸಂಶೋಧನ ಯೋಜನೆಯನ್ನು ಕೈಗೊಂಡುವು. ಅದರ ಫಲವಾಗಿ ಡಿ.ಎ.ಬಿ. ಎಂಬ ಪ್ರಸಾರ ಪದ್ಧತಿ ರೂಪುಗೊಂಡಿತು. ೧೯೯೫ರ ಜೂನ್ ತಿಂಗಳಲ್ಲಿ ನಾರ್ವೆಯ ರಾಷ್ಟ್ರೀಯ ಪ್ರಸಾರ ಸಂಸ್ಥೆ ಶಾಸ್ತ್ರೀಯ ಸಂಗೀತಕ್ಕೆಂದೇ ಒಂದು ಡಿಜಿಟಲ್ ನಿಲಯವನ್ನು ತೆರೆಯಿತು. ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಬಿ.ಬಿ.ಸಿ.ಯೂ ಪ್ರಸಾರವನ್ನು ಆರಂಭಿಸಿತು. ಅಂದಿನಿಂದ ಹಳೆಯ ಪ್ರಸಾರವನ್ನು ನಿಲ್ಲಿಸುವವರೆಗೆ ನಾರ್ವೆಗೆ ಇಪ್ಪತ್ತೆರಡು ವರ್ಷಗಳು ಹಿಡಿದುವು. ಬ್ರಿಟನ್ನು ಇನ್ನೂ ಎಫ್.ಎಂ. ಪ್ರಸಾರವನ್ನು ನಿಲ್ಲಿಸಿಲ್ಲ. ಇದೇ ಅವಧಿಯಲ್ಲಿ ಕ್ಯಾಸೆಟ್ಟು ಮಾಯವಾಯಿತು, ಚಿತ್ರದ ರೀಲು ಮಾಯವಾಯಿತು, ಮೊಬೈಲ್ ಫೋನು ಎಲ್ಲರ ಕೈಗೂ ಬಂದಿತು. ರೇಡಿಯೊ ಮಾತ್ರ ಇಷ್ಟು ಮೆಲ್ಲಗೆ ಹೆಜ್ಜೆಯಿಟ್ಟುದೇಕೆ? ತಂತ್ರದಲ್ಲಿ ಏನಾದರೂ ಕೊರತೆ ಇದ್ದಿತೆ? ಇದನ್ನು ವಿಚಾರಿಸುವುದು ನಮ್ಮ ದೇಶಕ್ಕೂ ಪ್ರಯೋಜನಕರವಾದುದು. ಏಕೆಂದರೆ ಪ್ರಕೃತ ನಾವು ಅದೇ ದಾರಿಯಲ್ಲಿ ನಿಂತಿದ್ದೇವೆ.

ಅಂಕಗಳಾಗಿ ಬರುವ ದನಿ

ಮೊದಲು ಈ ಹೊಸ ಬಾನುಲಿ ಕೆಲಸ ಮಾಡುವ ಬಗೆಯನ್ನು ಸ್ವಲ್ಪದಲ್ಲಿ ತಿಳಿದುಕೊಳ್ಳೋಣ. ಮಾತಾಗಲಿ ಹಾಡಾಗಲಿ ಗಾಳಿಯಲ್ಲಿ ಏಳುವ ಕಂಪನವೆಂಬುದು ವಾಚಕರಿಗೆ ತಿಳಿದೇ ಇದೆ. ಮೈಕ್ರೊಫೋನು ಆ ಕಂಪನವನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಹಳೆಯ ಪದ್ಧತಿಯಲ್ಲಿ ಆ ಏರಿಳಿತವನ್ನು ಇದ್ದುದು ಇದ್ದಂತೆಯೇ ರೇಡಿಯೊ ಅಲೆಯ ಮೇಲೆ ಹೊರಿಸುತ್ತಾರೆ. ಮಧ್ಯಮ ತರಂಗದ ಪ್ರಸಾರದಲ್ಲಿ ದನಿಗೆ ತಕ್ಕಂತೆ ಅಲೆಯ ಎತ್ತರ ಹೆಚ್ಚು ಕಡಮೆಯಾಗುತ್ತದೆ, ಎಫ್.ಎಂ. ಪ್ರಸಾರದಲ್ಲಿ ಅಲೆಯ ಆವೃತ್ತಿ, ಎಂದರೆ ಸೆಕೆಂಡಿಗೆ ಅದು ಎಷ್ಟು ಸಲ ಕಂಪಿಸುತ್ತದೆಂಬ ಸಂಖ್ಯೆ, ಹೆಚ್ಚು ಕಡಮೆಯಾಗುತ್ತದೆ. ಎರಡರಲ್ಲಿಯೂ ಗ್ರಾಹಕ ಯಂತ್ರಕ್ಕೆ ಸಿಕ್ಕುವುದು ದನಿಯ ನೆರಳು.

ಡಿಜಿಟಲ್ ಪದ್ಧತಿಯಲ್ಲಿ ದನಿಯ ಏರಿಳಿತವನ್ನು ಸೆಕೆಂಡಿಗೆ ೪೮,೦೦೦ ಸಲ ಅಳೆಯುತ್ತಾರೆ. ಪ್ರತಿಯೊಂದು ಅಳತೆಯನ್ನೂ ಸೊನ್ನೆ, ಒಂದು ಎಂಬ ಎರಡೇ ಅಂಕಗಳನ್ನು ಬಳಸಿ ಬರೆಯುತ್ತಾರೆ. ಒಂದೊಂದು ಅಳತೆಗೆ ಹದಿನಾರು ಅಂಕಗಳಂತೆ, ಎಡ ಬಲ ಎರಡು ಧ್ವನಿಮಾರ್ಗಗಳಿಗೂ ಲೆಕ್ಕ ಹಾಕಿದರೆ, ಸೆಕೆಂಡಿಗೆ ಹದಿನೈದು ಲಕ್ಷಕ್ಕೂ ಹೆಚ್ಚು ಅಂಕಗಳಾಗುತ್ತವೆ. ಇಷ್ಟನ್ನೂ ಕಳುಹಿಸಬೇಕಾದ ಅಗತ್ಯವಿಲ್ಲ. ತಮಟೆಯ ಬಡಿತದ ನಡುವೆ ಪಕ್ಕದವನ ಪಿಸುಮಾತು ನಮಗೆ ಕೇಳಿಸುವುದಿಲ್ಲವಷ್ಟೆ. ಹಾಗೆಯೇ ಸಂಗೀತದಲ್ಲಿಯೂ ಜೋರಾದ ಒಂದು ಸ್ವರ ಅದರ ನೆರೆಯ ಮೆಲುಸ್ವರವನ್ನು ಮುಚ್ಚಿಬಿಡುತ್ತದೆ. ಕಿವಿಗೆ ಬೀಳದ ಇಂಥ ಅಂಶಗಳನ್ನು ಬಿಟ್ಟುಬಿಟ್ಟರೆ ಸೆಕೆಂಡಿಗೆ ೧,೨೮,೦೦೦ ಅಂಕಗಳಲ್ಲಿ ಕೇಳುವಂತಹ ಸಂಗೀತವನ್ನು ಕಳುಹಿಸಬಹುದು.

ಇನ್ನು ಈ ಅಂಕಗಳನ್ನು ಸಾಗಿಸುವ ರೀತಿ. ಕಲ್ಲಿನ ದೊಡ್ಡ ಮಂಟಪವೊಂದರಲ್ಲಿ ಒಬ್ಬನು ಅಂಕೆಗಳ ಪಟ್ಟಿಯನ್ನು ಬಿರುಸಾಗಿ ಓದುತ್ತಾನೆಂದು ಭಾವಿಸೋಣ. ಒಂದು ಅಂಕೆಯ ಪ್ರತಿಧ್ವನಿ ಮುಂದಿನ ಅಂಕೆಯ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತದೆ. ಪಟ್ಟಿಯನ್ನು ಸಾವಿರಾರು ಜನರಿಗೆ ಹಂಚಿಕೊಟ್ಟು, ಒಬ್ಬೊಬ್ಬನೂ ಬೇರೆ ಬೇರೆ ಶ್ರುತಿಯಲ್ಲಿ, ನಿಧಾನವಾಗಿ, ನಡುವೆ ಬಿಡುವು ಕೊಟ್ಟು ಉಚ್ಚರಿಸಿದರೆ ಪ್ರತಿಧ್ವನಿಯ ಕಾಟವಿರುವುದಿಲ್ಲ. ಎಲ್ಲರೂ ಒಟ್ಟಿಗೆ ಹೇಳುವುದರಿಂದ ಕೆಲಸವೂ ತಡವಾಗುವುದಿಲ್ಲ. ಡಿ.ಎ.ಬಿ. ಪ್ರಸಾರದಲ್ಲಿ ೧,೫೩೬ ಸಣ್ಣ ಅಲೆಗಳು ಈ ಬಗೆಯಲ್ಲಿ ಕೆಲಸವನ್ನು ಹಂಚಿಕೊಳ್ಳುತ್ತವೆ. ಎರಡು ಉಚ್ಚಾರಣೆಗಳ ನಡುವಣ ಬಿಡುವು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ೨೪೬ ಭಾಗದಷ್ಟು. ಅಷ್ಟರಲ್ಲಿ ರೇಡಿಯೊ ಅಲೆ ಸುಮಾರು ೭೪ ಕಿಲೋಮೀಟರು ದೂರ ಹೋಗುತ್ತದೆ. ಆದುದರಿಂದ ಬೆಟ್ಟಕ್ಕೆ ಬಡಿದು ತಡವಾಗಿ ಬಂದ ಅಲೆಯಾಗಲಿ, ನೆರೆಯೂರಿನ ಪ್ರೇಷಕ ಯಂತ್ರದಿಂದ ಬಂದ ಅಲೆಯಾಗಲಿ ಕೇಳುವಿಕೆಗೆ ಅಡ್ಡಿಯಾಗದೆ ನೆರವೇ ಆಗುತ್ತದೆ. ಇಡೀ ದೇಶದ ಪ್ರೇಷಕಗಳೆಲ್ಲ ಒಂದೇ ಆವೃತ್ತಿಯಲ್ಲಿ ನುಡಿಯಬಹುದು. ಒಂದೊಂದು ಪ್ರೇಷಕವೂ ಎಂಟು ಹತ್ತು ನಿಲಯಗಳನ್ನು ಏಕಕಾಲದಲ್ಲಿ ಹೊತ್ತುಕೊಂಡು ಹೋಗಬಹುದು. ಎಫ್.ಎಂ. ಪದ್ಧತಿಯಲ್ಲಿ ಒಂದು ಪ್ರೇಷಕಕ್ಕೆ ಒಂದೇ ನಿಲಯ.

ಇದು ಬುದ್ಧಿವಂತರ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿಯೇ ಒಂದು ಅಂಶವನ್ನು ಗಮನಿಸಬೇಕು. ಮೇಲೆ ಹೇಳಿದ ಲಾಭಗಳಲ್ಲಿ ಹೆಚ್ಚಿನವು ಪ್ರಸಾರ ಮಾಡುವವನಿಗೆ ಸೇರಿದವು. ಆವೃತ್ತಿಯ ಉಳಿತಾಯ, ವಿದ್ಯುತ್ತಿನ ಉಳಿತಾಯ, ಪ್ರೇಷಕಗಳ ಉಳಿತಾಯ ಎಲ್ಲವೂ ಅವನದು. ಹೊಸ ಪೆಟ್ಟಿಗೆಯನ್ನು ಕೊಳ್ಳುವ ಖರ್ಚು ಮಾತ್ರ ಕೇಳುವವನದು. ಡಿಜಿಟಲ್ ಬಾನುಲಿಯ ಕಷ್ಟಗಳೆಲ್ಲ ಈ ಒಂದು ಗಂಟಿನಿಂದ ಹೊರಟಿವೆ ಎಂದರೆ ತಪ್ಪಾಗಲಾರದು.

ಬೀಜವೃಕ್ಷ ನ್ಯಾಯ

ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಹಳೆಯ ಪ್ರಶ್ನೆಯನ್ನು ಬ್ರಿಟನ್ನು ೧೯೯೫ರಲ್ಲಿ ಎದುರಿಸಬೇಕಾಯಿತು. ಬಿ.ಬಿ.ಸಿ.ಯ ಡಿಜಿಟಲ್ ಅಲೆಗಳು ಲಂಡನ್ನಿನ ಆಕಾಶದಲ್ಲಿ ಹರಡಿದಾಗ ಅವುಗಳನ್ನು ಹಿಡಿಯುವ ಪೆಟ್ಟಿಗೆ ಅಂಗಡಿಗಳಲ್ಲಿ ಇರಲಿಲ್ಲ. ಕೇಳುವವರಿಲ್ಲದುದರಿಂದ ಖಾಸಗಿ ನಿಲಯಗಳು ಹಣ ಹಾಕಲು ಹಿಂಜರಿದುವು. ನಿಲಯಗಳು ಹೆಚ್ಚಾಗದುದರಿಂದ ತಯಾರಕರು ಪೆಟ್ಟಿಗೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಮಾಡಲು ಹಿಂಜರಿದರು. ಕಡಮೆ ಸಂಖ್ಯೆಯಲ್ಲಿ ಮಾಡಿದುದರಿಂದ ಬೆಲೆ ಇಳಿಯಲಿಲ್ಲ. ಬೆಲೆ ಇಳಿಯದುದರಿಂದ ಕೇಳುವವರು ಬರಲಿಲ್ಲ. ಮೊದಮೊದಲು ಬಂದ ಮನೆಬಳಕೆಯ ಯಂತ್ರಗಳಿಗೆ ನೂರಾರು ಪೌಂಡುಗಳ ಬೆಲೆಯಿದ್ದಿತು. ಅದೇ ಅಂಗಡಿಯಲ್ಲಿ ಹತ್ತು ಪೌಂಡಿಗೆ ಎಫ್.ಎಂ. ರೇಡಿಯೊ ಸಿಕ್ಕುತ್ತಿರುವಾಗ ಇದನ್ನು ಸಂಗೀತದ ಹುಚ್ಚು ಹಿಡಿದ ಸಿರಿವಂತರಲ್ಲದೆ ಮತ್ತಾರು ಕೊಂಡಾರು?

ಈ ಗಂಟು ೨೦೦೨ರಲ್ಲಿ ಸ್ವಲ್ಪ ಸಡಿಲವಾಯಿತು. ಆ ವರ್ಷ ಎರಡು ಸಂಗತಿಗಳು ಜೊತೆಯಾಗಿ ನಡೆದುವು. ಒಂದು, ಪ್ಯೂರ್ ಎಂಬ ತಯಾರಕರು 'ಎವೋಕ್-೧' ಎಂಬ ಮರದ ಹೊದಿಕೆಯ ಸಣ್ಣ ಪೆಟ್ಟಿಗೆಯನ್ನು ೯೯ ಪೌಂಡಿಗೆ ಮಾರಾಟಕ್ಕೆ ತಂದರು. ಅಡಿಗೆಮನೆಯ ಗೂಡಿನಲ್ಲಿ ಇಡಬಹುದಾದ, ನೋಡುವುದಕ್ಕೆ ಹಳೆಯ ರೇಡಿಯೊವನ್ನೇ ಹೋಲುವ ಪೆಟ್ಟಿಗೆ ಅದು. ಎರಡನೆಯದಾಗಿ, ಎಫ್.ಎಂ.ನಲ್ಲಿ ದೊರೆಯದ ಹಲವು ನಿಲಯಗಳನ್ನು ಬಿ.ಬಿ.ಸಿ. ಅದೇ ವರ್ಷ ತೆರೆಯಿತು. ಅವುಗಳಲ್ಲಿ ಸಂಗೀತಕ್ಕೆ ಮೀಸಲಾದ '೬ ಮ್ಯೂಸಿಕ್' ಒಂದು. ಹಳೆಯ ನಾಟಕ, ಹಾಸ್ಯ ಪ್ರಸಂಗಗಳಿಗೆ ಮೀಸಲಾದ 'ಬಿ.ಬಿ.ಸಿ. ೭' ಇನ್ನೊಂದು. ಜನ ಪೆಟ್ಟಿಗೆಗಳನ್ನು ಕೊಳ್ಳತೊಡಗಿದರು. ಅವರು ಅಂಗಡಿಯಲ್ಲಿ ಕೇಳುತ್ತಿದ್ದುದು ತಮಗೆ ಬೇಕಾದ ನಾಟಕವನ್ನು, ತಮ್ಮ ಮೆಚ್ಚಿನ ಸಂಗೀತವನ್ನು, ಅಲೆಗಳ ಲೆಕ್ಕವನ್ನಲ್ಲ. ೨೦೧೦ರಲ್ಲಿ ಖರ್ಚನ್ನು ಇಳಿಸುವುದಕ್ಕಾಗಿ '೬ ಮ್ಯೂಸಿಕ್' ನಿಲಯವನ್ನು ಮುಚ್ಚುವ ಪ್ರಸ್ತಾಪ ಬಂದಾಗ ಶ್ರೋತೃಗಳು ದೊಡ್ಡ ಪ್ರತಿಭಟನೆಯನ್ನೇ ಹೂಡಿ ಅದನ್ನು ಉಳಿಸಿಕೊಂಡರು. ಹತ್ತು ವರ್ಷಗಳ ಹಿಂದೆ ಇಲ್ಲದಿದ್ದ ನಿಲಯಕ್ಕಾಗಿ ಜನ ಹೋರಾಡಿದರೆಂಬುದು ಗಮನಾರ್ಹವಾದ ಸಂಗತಿ.

ಕೇಳುವವನ ಲೆಕ್ಕಾಚಾರ

ಆದರೂ ಬದಲಾವಣೆ ಮೆಲ್ಲಗೇ ನಡೆಯಿತು. ಇದಕ್ಕೆ ಕಾರಣಗಳು ಹಲವು ಉಂಟು. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಎಫ್.ಎಂ. ಪ್ರಸಾರ ಚೆನ್ನಾಗಿಯೇ ಇರುವುದು. ಟೆಲಿವಿಷನ್ನು ಡಿಜಿಟಲ್ ಆದಾಗ ಚಿತ್ರ ತಿಳಿಯಾಯಿತು, ಚಾನೆಲ್ಲುಗಳು ಅನೇಕ ಪಟ್ಟು ಹೆಚ್ಚಿದುವು. ಬದಲಾವಣೆ ಕಣ್ಣಿಗೆ ಕಾಣುವಂತಿತ್ತು. ಹಳೆಯ ಟೆಲಿವಿಷನ್ನಿಗೆ ಸಣ್ಣದೊಂದು ಪೆಟ್ಟಿಗೆಯನ್ನು ಜೋಡಿಸಿದರೆ ಸಾಕಾಗುತ್ತಿತ್ತು. ಬ್ರಿಟನ್ನಿನಲ್ಲಿ ಆ ಕೆಲಸ ೨೦೦೭ರಲ್ಲಿ ಮೊದಲಾಗಿ ೨೦೧೨ರಲ್ಲಿ ಮುಗಿದೇ ಹೋಯಿತು. ರೇಡಿಯೊದಲ್ಲಿ ಹಾಗಲ್ಲ. ಒಳ್ಳೆಯ ಎಫ್.ಎಂ. ದನಿಗೂ ಡಿಜಿಟಲ್ ದನಿಗೂ ಇರುವ ವ್ಯತ್ಯಾಸ ಅಡಿಗೆಮನೆಯ ಸಣ್ಣ ಪೆಟ್ಟಿಗೆಯಲ್ಲಿ ತಿಳಿಯುವುದೇ ಇಲ್ಲ. ಅಷ್ಟೇ ಅಲ್ಲ, ಹೆಚ್ಚು ನಿಲಯಗಳನ್ನು ಒಂದೇ ಪ್ರೇಷಕದಲ್ಲಿ ತುರುಕುವ ಆಸೆಯಿಂದ ಬ್ರಿಟನ್ನಿನ ಹಲವು ನಿಲಯಗಳ ಅಂಕಗಳನ್ನು ಕಡಮೆ ಮಾಡಲಾಯಿತು. ಇದರಿಂದ ಸಂಗೀತದ ಗುಣ ಎಫ್.ಎಂ.ಗಿಂತ ತಗ್ಗಿತೆಂದು ಕಿವಿಯ ಸೂಕ್ಷ್ಮವುಳ್ಳವರು ಆಕ್ಷೇಪಿಸಿದರು.

ಎರಡನೆಯದು, ಅಲೆ ದುರ್ಬಲವಾದಾಗ ಉಂಟಾಗುವ ವರ್ತನೆ. ಎಫ್.ಎಂ. ದನಿ ದೂರ ಹೋದಂತೆ ಸ್ವಲ್ಪ ಸ್ವಲ್ಪವೇ ಮಸಕಾಗುತ್ತದೆ. ಸೊಯ್ಯೆಂಬ ಸದ್ದಿನ ನಡುವೆಯೂ ವಾರ್ತೆಯನ್ನು ತಿಳಿದುಕೊಳ್ಳಬಹುದು. ಡಿಜಿಟಲ್ ದನಿ ಒಂದು ಮಿತಿಯವರೆಗೆ ಶುದ್ಧವಾಗಿದ್ದು, ಆಮೇಲೆ ಕುದಿಯುವ ಗಂಜಿಯಂತೆ ಗುಳುಗುಳು ಸದ್ದು ಮಾಡಿ, ಒಮ್ಮೆಗೇ ನಿಂತುಬಿಡುತ್ತದೆ. ಮಲಗುವ ಕೋಣೆಯಲ್ಲಿ ಹಾಡುವ ಪೆಟ್ಟಿಗೆ ಅಡಿಗೆಮನೆಯಲ್ಲಿ ಮೂಕವಾಗಬಹುದು. ಹೊಸ ಪೆಟ್ಟಿಗೆಯನ್ನು ಕೊಂಡ ವಾರದಲ್ಲಿಯೇ ಇಂತಹ ಅನುಭವವಾದವನು ನೆರೆಯವನಿಗೆ ಅದನ್ನು ಶಿಫಾರಸು ಮಾಡುವುದುಂಟೆ?

ಮೂರನೆಯದಾಗಿ ಕೆಲವು ಸಣ್ಣ ತೊಡಕುಗಳನ್ನು ಹೇಳಬಹುದು. ಅಂಕಗಳನ್ನು ಬಿಡಿಸಿ ದನಿಯಾಗಿ ಮಾಡಲು ಪೆಟ್ಟಿಗೆಯೊಳಗಿನ ಗಣಕ ಎಡೆಬಿಡದೆ ದುಡಿಯಬೇಕು. ಆದುದರಿಂದ ಮೊದಲಿನ ಡಿಜಿಟಲ್ ಪೆಟ್ಟಿಗೆಗಳು ಬ್ಯಾಟರಿಯನ್ನು ಬಹು ಬೇಗ ಮುಗಿಸುತ್ತಿದ್ದುವು. ಆ ಗಣಿತಕ್ಕೆ ಹೊತ್ತೂ ಹಿಡಿಯುತ್ತದೆ. ಬಿ.ಬಿ.ಸಿ. ೧೯೨೪ರಿಂದ ಆರು ಸಣ್ಣ ಸದ್ದುಗಳ ಮೂಲಕ ಕರಾರುವಾಕ್ಕಾದ ವೇಳೆಯನ್ನು ಸಾರುತ್ತ ಬಂದಿದೆ. ಡಿಜಿಟಲ್ ಪೆಟ್ಟಿಗೆಯಲ್ಲಿ ಆ ಸದ್ದುಗಳು ಕೆಲವು ಸೆಕೆಂಡುಗಳಷ್ಟು ತಡವಾಗಿ ಕೇಳಿಸುತ್ತವೆ. ಅವನ್ನು ನಂಬಿ ಗಡಿಯಾರವನ್ನು ಸರಿಪಡಿಸಿಕೊಳ್ಳುತ್ತಿದ್ದವರಿಗೆ ಇದು ವಿಚಿತ್ರವಾದ ಹಿನ್ನಡೆಯಾಗಿ ತೋರಿದರೆ ಆಶ್ಚರ್ಯವಿಲ್ಲ.

ನಾಲ್ಕನೆಯದು, ಒಂದು ಮನೆಯಲ್ಲಿ ಒಂದೇ ರೇಡಿಯೊ ಇರುವುದಿಲ್ಲವೆಂಬುದು. ಅಡಿಗೆಮನೆಯಲ್ಲೊಂದು, ಹಾಸಿಗೆಯ ಪಕ್ಕದಲ್ಲೊಂದು, ಮುದುಕರ ಕೋಣೆಯಲ್ಲೊಂದು, ಕಾರಿನಲ್ಲೊಂದು. ಇವುಗಳಲ್ಲಿ ಒಂದನ್ನು ಬದಲಾಯಿಸಿದ ಮಾತ್ರಕ್ಕೆ ಮನೆ ಡಿಜಿಟಲ್ ಆಗುವುದಿಲ್ಲ. ಕಾರಿನ ರೇಡಿಯೊವಂತೂ ಕಾರಿನ ಜೊತೆಗೇ ಬಂದು ಅದರ ಜೊತೆಗೇ ಹೋಗತಕ್ಕದ್ದು. ಈ ತೊಡಕನ್ನು ಬಿಡಿಸುವುದಕ್ಕಾಗಿಯೇ ಯೂರೋಪಿನ ಒಕ್ಕೂಟ, ೨೦೨೦ರ ಡಿಸೆಂಬರಿನಿಂದ ಮುಂದೆ ಮಾರಾಟವಾಗುವ ಹೊಸ ಕಾರುಗಳ ರೇಡಿಯೊಗಳು ಡಿಜಿಟಲ್ ಪ್ರಸಾರವನ್ನು ಹಿಡಿಯಲೇಬೇಕೆಂದು ನಿಯಮ ಮಾಡಿತು.

ಕೊನೆಯದಾದ ಕಾರಣ ಎಲ್ಲಕ್ಕಿಂತ ಕಹಿಯಾದುದು. ೨೦೦೭ರಲ್ಲಿ ಡಿ.ಎ.ಬಿ. ಪ್ಲಸ್ ಎಂಬ ಸುಧಾರಿಸಿದ ಪದ್ಧತಿ ಹೊರಬಂದಿತು. ಅಂಕಗಳನ್ನು ಇನ್ನೂ ಚೆನ್ನಾಗಿ ಅಡಕಗೊಳಿಸುವುದರಿಂದ ಇದರಲ್ಲಿ ಹೆಚ್ಚು ನಿಲಯಗಳಿಗೆ ಎಡೆಯುಂಟು. ಆದರೆ ಹಿಂದಿನ ಡಿಜಿಟಲ್ ಪೆಟ್ಟಿಗೆಗಳಲ್ಲಿ ಬಹಳಷ್ಟು ಇದನ್ನು ಹಿಡಿಯಲಾರದಾದುವು. ತಡವಾಗಿ ಹೊರಟ ಆಸ್ಟ್ರೇಲಿಯ ೨೦೦೯ರಲ್ಲಿ ನೇರವಾಗಿ ಸುಧಾರಿಸಿದ ಪದ್ಧತಿಯನ್ನೇ ಹಿಡಿಯಿತು. ಎಲ್ಲರಿಗಿಂತ ಮೊದಲು ಉತ್ಸಾಹದಿಂದ ಹಣ ತೆತ್ತವನೇ ಎರಡನೆಯ ಸಲವೂ ತೆರಬೇಕಾಯಿತು. ರೇಡಿಯೊದ ಚರಿತ್ರೆಯಲ್ಲಿ ಇದು ಮೊದಲನೆಯ ಸಲವೂ ಅಲ್ಲ. ಎಫ್.ಎಂ. ಪದ್ಧತಿಯನ್ನು ಕಂಡುಹಿಡಿದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ೧೯೩೩ರಲ್ಲಿ ಅದಕ್ಕೆ ಪೇಟೆಂಟುಗಳನ್ನು ಪಡೆದರು. ಅಮೆರಿಕದ ಜನ ಆ ಪೆಟ್ಟಿಗೆಗಳನ್ನು ಕೊಳ್ಳತೊಡಗಿದ್ದಾಗ, ೧೯೪೫ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಎಫ್.ಎಂ. ಪ್ರಸಾರವನ್ನು ಬೇರೊಂದು ಆವೃತ್ತಿ ವಲಯಕ್ಕೆ ಸ್ಥಳಾಂತರಿಸಿತು. ಲಕ್ಷಗಟ್ಟಲೆ ಪೆಟ್ಟಿಗೆಗಳು ನಿರುಪಯುಕ್ತವಾದುವು. ಮಧ್ಯಮ ತರಂಗವನ್ನು ಎಫ್.ಎಂ. ಅಲ್ಲಿ ಹಿಂದೆ ಹಾಕಿದುದು ೧೯೭೦ರ ದಶಕದ ಕೊನೆಯಲ್ಲಿ. ಕೊಳ್ಳುವವನ ನಂಬಿಕೆ ಒಮ್ಮೆ ಮುರಿದರೆ ಅದನ್ನು ಕೂಡಿಸಲು ತಲೆಮಾರೇ ಹಿಡಿಯುತ್ತದೆ.

ಇಷ್ಟೆಲ್ಲ ತೊಡಕುಗಳನ್ನು ದಾಟಿ ಬ್ರಿಟನ್ನಿನಲ್ಲಿ ಡಿಜಿಟಲ್ ಕೇಳುವಿಕೆ ಅರ್ಧವನ್ನು ಮೀರಿದ್ದು ೨೦೧೮ರ ಮೊದಲ ಮೂರು ತಿಂಗಳಲ್ಲಿ, ಶೇಕಡ ೫೦.೯ರಷ್ಟು. ಅದೂ ಡಿ.ಎ.ಬಿ. ಒಂದರಿಂದಲೇ ಅಲ್ಲ, ಟೆಲಿವಿಷನ್ ಮತ್ತು ಅಂತರ್ಜಾಲದ ಮೂಲಕ ಕೇಳಿದುದೂ ಅದರಲ್ಲಿ ಸೇರಿದೆ. ೨೦೨೧ರಲ್ಲಿ ಹೊರಬಂದ ಸರಕಾರಿ ಪರಿಶೀಲನೆಯೊಂದು, ಕನಿಷ್ಠ ೨೦೩೦ರವರೆಗೆ ಎಫ್.ಎಂ. ಅಗತ್ಯವೆಂದು ಅಭಿಪ್ರಾಯಪಟ್ಟಿತು.

ನಾರ್ವೆ ಹಿಡಿದ ದಾರಿ

ಬ್ರಿಟನ್ನು ಕಾದು ನೋಡಿತು. ನಾರ್ವೆ ದಿನವನ್ನು ಗೊತ್ತುಮಾಡಿತು. ನಾರ್ವೆಯ ಭೂಪ್ರಕೃತಿಯನ್ನು ನೆನೆದರೆ ಇದಕ್ಕೆ ಕಾರಣ ತಿಳಿಯುವುದು. ಕಡಿದಾದ ಬೆಟ್ಟಗಳು, ಒಳನಾಡಿಗೆ ನುಗ್ಗಿದ ಕಡಲ ತೋಳುಗಳು, ಚದರಿಹೋದ ಹಳ್ಳಿಗಳು. ಐವತ್ತಮೂರು ಲಕ್ಷದಷ್ಟು ಜನಕ್ಕಾಗಿ ಬೆಟ್ಟಬೆಟ್ಟದ ಮೇಲೂ ಪ್ರೇಷಕಗಳನ್ನು ನಿಲ್ಲಿಸಬೇಕು. ಎಫ್.ಎಂ.ನಲ್ಲಿ ಒಂದು ನಿಲಯವನ್ನು ದೇಶದ ತುಂಬ ಕೇಳಿಸುವುದಕ್ಕೆ ಡಿಜಿಟಲ್ ಪದ್ಧತಿಯ ಎಂಟರಷ್ಟು ಖರ್ಚಾಗುತ್ತದೆಂದು ಅಲ್ಲಿನ ಸರಕಾರ ೨೦೧೫ರಲ್ಲಿ ತಿಳಿಸಿತು. ಎಫ್.ಎಂ.ನಲ್ಲಿ ರಾಷ್ಟ್ರವ್ಯಾಪಿ ನಿಲಯಗಳಿದ್ದುದು ಐದು. ಡಿಜಿಟಲ್‌ನಲ್ಲಿ ಆಗಲೇ ಇಪ್ಪತ್ತೆರಡು. ಸಂಸತ್ತು ೨೦೧೧ರಲ್ಲಿಯೇ ಕೆಲವು ಷರತ್ತುಗಳನ್ನು ಹಾಕಿದ್ದಿತು: ಡಿಜಿಟಲ್ ಅಲೆ ಎಫ್.ಎಂ.ನಷ್ಟೇ ವ್ಯಾಪಕವಾಗಿರಬೇಕು, ದಿನವೂ ರೇಡಿಯೊ ಕೇಳುವವರಲ್ಲಿ ಅರ್ಧದಷ್ಟಾದರೂ ಜನ ಡಿಜಿಟಲ್ ಮಾರ್ಗವನ್ನು ಬಳಸುತ್ತಿರಬೇಕು. ಷರತ್ತುಗಳು ಪೂರೈಸಿದುವೆಂದು ಕಂಡಮೇಲೆ ಸರಕಾರ ದಿನವನ್ನು ಸಾರಿತು. ರಾಷ್ಟ್ರೀಯ ಸಂಸ್ಥೆಯ ಡಿಜಿಟಲ್ ಪ್ರಸಾರ ಜನಸಂಖ್ಯೆಯ ಶೇಕಡ ೯೯.೫ ಭಾಗಕ್ಕೆ ತಲುಪುವಂತೆ ಪ್ರೇಷಕಗಳನ್ನು ನಿಲ್ಲಿಸಲಾಗಿದ್ದಿತು.

ಇಷ್ಟು ಸಿದ್ಧತೆಯಿದ್ದರೂ ಜನರ ಮನಸ್ಸು ಒಪ್ಪಿರಲಿಲ್ಲ. ೨೦೧೬ರ ಕೊನೆಯಲ್ಲಿ ದಾಗ್‌ಬ್ಲಾದೆ ಎಂಬ ಪತ್ರಿಕೆಗಾಗಿ ನಡೆದ ಜನಾಭಿಪ್ರಾಯ ಸಂಗ್ರಹದಲ್ಲಿ ಶೇಕಡ ೬೬ರಷ್ಟು ಮಂದಿ ಎಫ್.ಎಂ. ನಿಲ್ಲಿಸುವುದನ್ನು ವಿರೋಧಿಸಿದರು, ಒಪ್ಪಿದವರು ಶೇಕಡ ೧೭ ಮಾತ್ರ. ಸುಮಾರು ಇಪ್ಪತ್ತು ಲಕ್ಷ ಕಾರುಗಳಲ್ಲಿ ಡಿಜಿಟಲ್ ರೇಡಿಯೊ ಇರಲಿಲ್ಲ. ಅವುಗಳಿಗೆ ಜೋಡಿಸಬೇಕಾದ ಉಪಕರಣಕ್ಕೆ ಒಂದರಿಂದ ಎರಡು ಸಾವಿರ ಕ್ರೋನರ್ ಬೆಲೆ. ಬಿರುಗಾಳಿ, ಹಿಮಪಾತಗಳ ಎಚ್ಚರಿಕೆಯನ್ನು ಕಾರಿನ ರೇಡಿಯೊದಿಂದಲೇ ತಿಳಿಯುವ ದೇಶದಲ್ಲಿ ಇದು ಸಣ್ಣ ಮಾತಲ್ಲ. ವಿಪತ್ತಿನ ಕಾಲದಲ್ಲಿ ಡಿಜಿಟಲ್ ಜಾಲವೇ ಹೆಚ್ಚು ಗಟ್ಟಿಯೆಂದು ಸರಕಾರ ವಾದಿಸಿತು. ಜಾಲ ಎಷ್ಟು ಗಟ್ಟಿಯಾದರೇನು, ಹಿಡಿಯುವ ಪೆಟ್ಟಿಗೆ ಇಲ್ಲದವನಿಗೆ ಎಚ್ಚರಿಕೆ ತಲುಪುವುದು ಹೇಗೆಂದು ವಿರೋಧಿಗಳು ಕೇಳಿದರು. ಇಬ್ಬರ ಮಾತಿನಲ್ಲಿಯೂ ಸತ್ಯವಿದ್ದಿತು.

ಎಫ್.ಎಂ. ನಿಂತ ಮೇಲೆ ರೇಡಿಯೊ ಕೇಳುವವರ ಸಂಖ್ಯೆ ಇಳಿಯಿತು. ಎಫ್.ಎಂ.ನಲ್ಲಿಯೇ ಉಳಿದ ಸಣ್ಣ ಸ್ಥಳೀಯ ನಿಲಯಗಳ ಕಡೆಗೆ ಕೆಲವರು ಹೋದರು. ಕೆಲವರು ಫೋನಿನಲ್ಲಿ ಸಂಗೀತ ಕೇಳುವುದನ್ನು ರೂಢಿಸಿಕೊಂಡರು. ೨೦೨೪ರ ಡಿಸೆಂಬರ್ ೩೧ರಂದು ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ ತನ್ನ ಎಫ್.ಎಂ. ಪ್ರಸಾರವನ್ನು ನಿಲ್ಲಿಸಿದಾಗಲೂ ಶ್ರೋತೃಗಳು ಕಡಮೆಯಾದರು. ಮರುವರ್ಷ ಅಲ್ಲಿನ ಸಂಸತ್ತಿನಲ್ಲಿ ಎಫ್.ಎಂ. ಉಳಿಯಬೇಕೆಂಬ ವಾದ ಮತ್ತೆ ತಲೆಯೆತ್ತಿತು. ನೀರಿಳಿಯದ ಗಂಟಲಲ್ಲಿ ಕಡುಬು ತುರುಕಬಾರದೆಂಬ ನಮ್ಮ ಗಾದೆ ಯೂರೋಪಿಗೂ ಅನ್ವಯಿಸುತ್ತದೆ.

ನಮ್ಮ ನಾಡಿನಲ್ಲಿ

ಕನ್ನಡ ಶ್ರೋತೃಗಳಿಗೆ ಡಿಜಿಟಲ್ ಬಾನುಲಿಯ ಮೊದಲ ಪರಿಚಯವಾದದ್ದು ನೆಲದ ಪ್ರೇಷಕಗಳಿಂದಲ್ಲ, ಆಕಾಶದಿಂದ. ವರ್ಲ್ಡ್‌ಸ್ಪೇಸ್ ಎಂಬ ಅಮೆರಿಕದ ಸಂಸ್ಥೆ ೨೦೦೦ದ ಮಾರ್ಚ್ ತಿಂಗಳಲ್ಲಿ 'ಏಷ್ಯಾಸ್ಟಾರ್' ಎಂಬ ಉಪಗ್ರಹವನ್ನು ಹಾರಿಸಿತು. ಅಂಗೈಯಗಲದ ಆಂಟೆನಾವನ್ನು ಕಿಟಕಿಯಿಂದ ಉಪಗ್ರಹದ ಕಡೆಗೆ ತಿರುಗಿಸಿಟ್ಟರೆ ಹತ್ತಾರು ನಿಲಯಗಳು ಜಾಹೀರಾತಿನ ಗದ್ದಲವಿಲ್ಲದೆ ಕೇಳಿಸುತ್ತಿದ್ದುವು. ಕನ್ನಡಕ್ಕೆ 'ಸ್ಪರ್ಶ', ಕರ್ನಾಟಕ ಸಂಗೀತಕ್ಕೆ 'ಶ್ರುತಿ' ಎಂಬ ನಿಲಯಗಳಿದ್ದುವು. ಚಂದಾ ತೆತ್ತು ಕೇಳುವ ವ್ಯವಸ್ಥೆಯಾಗಿದ್ದರೂ ಭಾರತದಲ್ಲಿ ನಾಲ್ಕು ಲಕ್ಷಕ್ಕೆ ಮಿಕ್ಕ ಚಂದಾದಾರರಾದರು. ಆದರೆ ಉಪಗ್ರಹಗಳ ವೆಚ್ಚವನ್ನು ಹೊರುವುದಕ್ಕೆ ಅಷ್ಟು ಸಾಲಲಿಲ್ಲ. ೨೦೦೮ರಲ್ಲಿ ಸಂಸ್ಥೆ ದಿವಾಳಿಯಾಗಿ ೨೦೦೯ರ ಡಿಸೆಂಬರ್ ೩೧ರಂದು ಭಾರತದ ಪ್ರಸಾರ ನಿಂತಿತು. ಆ ಪೆಟ್ಟಿಗೆಗಳು ಬೇರೆ ಯಾವ ಪ್ರಸಾರವನ್ನೂ ಹಿಡಿಯಲಾರವಾಗಿ ಮನೆಗಳ ಅಟ್ಟವನ್ನು ಸೇರಿದುವು. ಒಳ್ಳೆಯ ಕಾರ್ಯಕ್ರಮಕ್ಕಾಗಿ ನಮ್ಮ ಜನ ಹಣ ಕೊಟ್ಟು ಹೊಸ ಪೆಟ್ಟಿಗೆಯನ್ನು ಕೊಳ್ಳುತ್ತಾರೆಂಬುದನ್ನು ಈ ಪ್ರಸಂಗ ತೋರಿಸಿತು. ಒಂದೇ ಸಂಸ್ಥೆಯನ್ನು ನೆಚ್ಚಿದ ಪೆಟ್ಟಿಗೆಯ ಗತಿಯೇನೆಂಬುದನ್ನೂ ತೋರಿಸಿತು.

ಆಕಾಶವಾಣಿ ಆರಿಸಿಕೊಂಡುದು ಡಿ.ಆರ್.ಎಂ. ಎಂಬ ಬೇರೊಂದು ಪದ್ಧತಿಯನ್ನು. ಇದರ ವಿಶೇಷವೆಂದರೆ ಈಗಿರುವ ಮಧ್ಯಮ ತರಂಗ, ಹ್ರಸ್ವ ತರಂಗಗಳ ಜಾಗದಲ್ಲಿಯೇ ಡಿಜಿಟಲ್ ಪ್ರಸಾರ ಮಾಡಬಹುದು. ಮಧ್ಯಮ ತರಂಗದ ಒಂದು ಪ್ರೇಷಕ ನೂರಾರು ಕಿಲೋಮೀಟರು ದೂರದ ಹಳ್ಳಿಗಳನ್ನು ತಲುಪಬಲ್ಲುದು. ವಿಸ್ತಾರವಾದ ನಮ್ಮ ದೇಶಕ್ಕೆ ಇದು ಅನುಕೂಲ. ಡಿಜಿಟಲ್ ಆದಾಗ ಕರಕರ ಸದ್ದು ಹೋಗುತ್ತದೆ, ಒಂದು ನಿಲಯವಿದ್ದ ಎಡೆಯಲ್ಲಿ ಎರಡು ಮೂರು ನಿಲಯಗಳಾಗುತ್ತವೆ, ವಿದ್ಯುತ್ತೂ ಉಳಿಯುತ್ತದೆ. ದೇಶದಲ್ಲಿ ಮೂವತ್ತೈದು ಮಧ್ಯಮ ತರಂಗ ಪ್ರೇಷಕಗಳನ್ನು ಈ ಪದ್ಧತಿಗೆ ಸಜ್ಜುಗೊಳಿಸಲಾಯಿತು. ೬೧೨ ಕಿಲೋಹರ್ಟ್ಸ್‌ನ ಬೆಂಗಳೂರು, ೭೬೫ ಕಿಲೋಹರ್ಟ್ಸ್‌ನ ಧಾರವಾಡ ಪ್ರೇಷಕಗಳೂ ಅವುಗಳಲ್ಲಿ ಸೇರಿದ್ದುವು.

ಪ್ರೇಷಕಗಳು ಬಂದುವು, ಪೆಟ್ಟಿಗೆಗಳು ಬರಲಿಲ್ಲ. ಕೆಲವು ನೂರು ರೂಪಾಯಿಗೆ ಟ್ರಾನ್ಸಿಸ್ಟರು ಸಿಕ್ಕುವ ಪೇಟೆಯಲ್ಲಿ ಡಿ.ಆರ್.ಎಂ. ಪೆಟ್ಟಿಗೆಗೆ ಹಲವು ಸಾವಿರ ರೂಪಾಯಿಗಳಾಗುತ್ತಿದ್ದುವು. ಅದೂ ಎಲ್ಲ ಅಂಗಡಿಗಳಲ್ಲಿ ದೊರೆಯುತ್ತಿರಲಿಲ್ಲ. ಲಕ್ಷಾಂತರ ಹೊಸ ಕಾರುಗಳಲ್ಲಿ ತಯಾರಕರು ಅದನ್ನು ಅಳವಡಿಸಿದ್ದಾರೆ. ಆದರೆ ತಮ್ಮ ಕಾರಿನಲ್ಲಿ ಅಂತಹ ಸೌಲಭ್ಯವಿದೆಯೆಂದು ತಿಳಿದ ಮಾಲಿಕರು ವಿರಳ. ಮಧ್ಯಮ ತರಂಗವನ್ನು ನೆಚ್ಚಿ ಬಾಳುವ ರೈತನಾಗಲಿ, ಬೀಡಿ ಕಟ್ಟುವ ಹೆಂಗಸಾಗಲಿ, ಕಣ್ಣು ಕಾಣದ ಮುದುಕನಾಗಲಿ ಕಾರಿನಲ್ಲಿ ಕುಳಿತು ರೇಡಿಯೊ ಕೇಳುವವರಲ್ಲ. ಖಾಸಗಿ ಎಫ್.ಎಂ. ನಿಲಯಗಳ ವಿಷಯದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ೨೦೧೮ರಲ್ಲೊಮ್ಮೆ, ೨೦೨೫ರಲ್ಲಿ ಮತ್ತೊಮ್ಮೆ ಶಿಫಾರಸುಗಳನ್ನು ಮಾಡಿತು. ಎರಡನೆಯದರಲ್ಲಿ ದೊಡ್ಡ ನಗರಗಳಿಂದ ಆರಂಭಿಸಿ, ಹಳೆಯ ಪ್ರಸಾರವನ್ನು ನಿಲ್ಲಿಸದೆ ಅದರ ಜೊತೆಜೊತೆಗೇ ಡಿಜಿಟಲ್ ಪ್ರಸಾರ ಮಾಡಬೇಕೆಂಬ ಸಲಹೆಯಿದೆ.

ಹಳೆಯದನ್ನು ಒಮ್ಮೆಗೇ ನಿಲ್ಲಿಸದಿರುವುದರಲ್ಲಿ ವಿವೇಕವುಂಟೆಂಬುದಕ್ಕೆ ನಮ್ಮದೇ ಅನುಭವ ಸಾಕ್ಷಿಯಾಗಿದೆ. ಭಾರತದಲ್ಲಿ ಎಫ್.ಎಂ. ಪ್ರಸಾರ ಮೊದಲಾದುದು ೧೯೭೭ರ ಜುಲೈ ೨೩ರಂದು, ಮದರಾಸಿನಲ್ಲಿ. ಬಹುಕಾಲ ಅದನ್ನು ಕೇಳಿದವರೇ ಕಡಮೆ. ೨೦೦೧ರ ಜುಲೈ ೩ರಂದು ಬೆಂಗಳೂರಿನಲ್ಲಿ ದೇಶದ ಮೊದಲನೆಯ ಖಾಸಗಿ ಎಫ್.ಎಂ. ನಿಲಯ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಹೊಸ ಬಗೆಯ ಕಾರ್ಯಕ್ರಮಗಳು ಬಂದುವು, ಅಗ್ಗದ ಪುಟ್ಟ ಪೆಟ್ಟಿಗೆಗಳು ಬಂದುವು, ಮೊಬೈಲ್ ಫೋನಿನೊಳಗೇ ಎಫ್.ಎಂ. ಬಂದಿತು, ಜನ ತಾವಾಗಿಯೇ ಹೋದರು. ಮಧ್ಯಮ ತರಂಗವನ್ನು ನಿಲ್ಲಿಸುತ್ತೇವೆಂದು ಆಗ ಯಾರೂ ಅವರನ್ನು ಹೆದರಿಸಿರಲಿಲ್ಲ.

ಈಗ ಅವಸರಕ್ಕೆ ಒಂದು ಹೊಸ ಕಾರಣವೂ ಸೇರಿಕೊಂಡಿದೆ. ಡಿಜಿಟಲ್ ಬಾನುಲಿಗೆ ಇಂದು ಎದುರಾಳಿ ಎಫ್.ಎಂ. ಮಾತ್ರವಲ್ಲ, ಅಂತರ್ಜಾಲವೂ ಹೌದು. ಕೇಳಬೇಕಾದುದೆಲ್ಲ ಫೋನಿಗೇ ಬರುವಾಗ ಬಾನುಲಿ ಏಕೆಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಬಾನುಲಿಯ ಗುಣದಲ್ಲಿಯೇ ಇದೆ. ಫೋನಿನ ಮೂಲಕ ಕೇಳುವ ಪ್ರತಿಯೊಬ್ಬನಿಗೂ ದನಿಯನ್ನು ಬೇರೆಬೇರೆಯಾಗಿ ಕಳುಹಿಸಬೇಕು, ಅವನು ಅದಕ್ಕೆ ಹಣ ತೆರಬೇಕು. ಬಾನುಲಿಯ ಪ್ರೇಷಕಕ್ಕೆ ಒಬ್ಬನು ಕೇಳಿದರೂ ಅಷ್ಟೆ, ಕೋಟಿ ಜನ ಕೇಳಿದರೂ ಅಷ್ಟೆ. ಯಾರು ಕೇಳುತ್ತಿದ್ದಾರೆಂಬುದೂ ಅದಕ್ಕೆ ತಿಳಿಯದು. ನೆರೆ ಬಂದು, ಕಂಬಗಳು ಉರುಳಿ, ಫೋನಿನ ಗೋಪುರಗಳು ಸ್ತಬ್ಧವಾದ ರಾತ್ರಿಯಲ್ಲಿ ದೂರದ ಪ್ರೇಷಕವೊಂದರ ದನಿಯನ್ನು ಎರಡು ಬ್ಯಾಟರಿಗಳ ಟ್ರಾನ್ಸಿಸ್ಟರು ಹಿಡಿದು ಕೊಡುತ್ತದೆ. ಹೊಸ ಪದ್ಧತಿಯನ್ನು ತರುವ ಆತುರದಲ್ಲಿ ಹಳೆಯ ಶ್ರೋತೃವನ್ನು ಕಳೆದುಕೊಂಡರೆ ಅವನು ಹೊಸ ಬಾನುಲಿಗೂ ಬರಲಾರನು.

ಆದುದರಿಂದ ನಮ್ಮ ಯೋಜಕರು ಪ್ರೇಷಕಗಳ ಸಂಖ್ಯೆಯನ್ನು ಎಣಿಸಿದಂತೆಯೇ ಪೆಟ್ಟಿಗೆಗಳ ಸಂಖ್ಯೆಯನ್ನೂ ಎಣಿಸಬೇಕು. ಬಡವನ ಕೈಗೆ ಎಟಕುವ ಬೆಲೆಯ, ಒಂದೆರಡು ದಶಕಗಳಾದರೂ ಬಾಳುವ ಪದ್ಧತಿಯ, ಹಳೆಯ ಪ್ರಸಾರವನ್ನೂ ಹೊಸದನ್ನೂ ಹಿಡಿಯುವ ಪೆಟ್ಟಿಗೆಯೊಂದು ಹಳ್ಳಿಯ ಸಂತೆಯಲ್ಲಿ ದೊರೆಯುವಂತಾಗಬೇಕು. ಅದನ್ನು ತಿರುಗಿಸಿದಾಗ ಹಳೆಯದರಲ್ಲಿ ಇಲ್ಲದ ಏನಾದರೊಂದು, ತನ್ನ ಊರಿನ ಹವಾಮಾನವೋ, ತನ್ನ ಬೆಳೆಯ ಧಾರಣೆಯೋ, ತಾನು ಕೇಳಬಯಸಿದ ಹಾಡೋ, ಕೇಳಿಬರಬೇಕು. ಅಲ್ಲಿಯವರೆಗೆ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಗೂ ನುಡಿಯುವ ಅವಕಾಶವಿರಲಿ.